ಮನೆತನದ ಲಕ್ವದ ಜಾಡು ಹಿಡಿದು

ಗಂಗಾವತಿ ಸೀಮೆಯ ಸಾಣಾಪುರದಲ್ಲಿ ತುಂಗಭದ್ರಾ ಎಡದಂಡೆ ನಾಲೆ ಬಂಡೆಗುಡ್ಡಗಳ ನಡುವೆ ತುಂಬಿ ಹರಿಯುತ್ತದೆ. ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ನಾಲೆ ಕೊಪ್ಪಳ, ರಾಯಚೂರು ಜಿಲ್ಲೆಗಳ ನೆಲಕ್ಕೆ ನೀರುಣಿಸುತ್ತದೆ. ಆದರೆ ದೊಡ್ಡ ನಾಲೆಯಲ್ಲಿ ನೀರಿದ್ದ ಮಾತ್ರಕ್ಕೆ ಗದ್ದೆಯಲ್ಲೂ ನೀರಿರುತ್ತದೆ ಎನ್ನುವಂತಿಲ್ಲ. ಮುಖ್ಯ ನಾಲೆಯಿಂದ ಉಪನಾಲೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ ಕವಲೊಡೆಯುತ್ತ ಹೋಗುವ ನೀರು ಕೊನೆಯ ಗದ್ದೆಯನ್ನು ಮುಟ್ಟುವುದು ಒಂದು ಹೆಜ್ಜೆ ಅಗಲದ ಕಾಲುವೆಯ ಮೂಲಕ. ಅದರಲ್ಲಿ ಹೂಳು ತುಂಬಿದರೆ, ಅದರ ದಡ ಕುಸಿದರೆ, ಅಣೆಕಟ್ಟೆ ಭರ್ತಿಯಾಗಿದ್ದರೂ ಕೊನೆಭಾಗದ ರೈತನ ಪೈರು ಒಣಗುತ್ತದೆ.

ಮನುಷ್ಯನ ಮಿದುಳಿನ ವ್ಯವಸ್ಥೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಅದು ಶೇಕಡ 15ರಿಂದ 20ರಷ್ಟನ್ನು ಬಳಸಿಕೊಳ್ಳುತ್ತದೆ. ಕುತ್ತಿಗೆಯಲ್ಲಿ ಬೆರಳಿಗೆ ಮಿಡಿತ ತಾಕುವ ದೊಡ್ಡ ರಕ್ತನಾಳಗಳು ಮೇಲೇರಿ, ಕವಲೊಡೆದು, ಕಡೆಗೆ ಕೂದಲೆಳೆಯಷ್ಟು ಸಣ್ಣವಾಗಿ ಮಿದುಳಿನ ಒಳಭಾಗವನ್ನು ಹೊಗುತ್ತವೆ. ಮಿದುಳಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಂದೇಶ ಒಯ್ಯುವ ನರತಂತುಗಳ ಕಟ್ಟುಗಳು ಇರುವುದು ಅಲ್ಲಿಯೇ. ಬಣ್ಣದಿಂದಾಗಿ ಅದಕ್ಕೆ ಬಿಳಿ ದ್ರವ್ಯ ಎಂದು ಹೆಸರು. ಅದು, ಎಡದಂಡೆ ನಾಲೆಯ ಕೊನೆಭಾಗದ ಗದ್ದೆಯಂತೆ, ಸಣ್ಣ ಕಾಲುವೆಗಳನ್ನೇ ನಂಬಿ ಬದುಕುತ್ತದೆ. ರಕ್ತ ಕಟ್ಟಿ ಬರುವ ಪಾರ್ಶ್ವವಾಯುವಿನ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗಕ್ಕೆ ಈ ಸಣ್ಣ ನಾಳಗಳ ಕೆಡುಕೇ ಕಾರಣ.

ಪಾರ್ಶ್ವವಾಯುವಿಗೆ ಉತ್ತರ ಕರ್ನಾಟಕದ ಆಡುಮಾತು ಲಕ್ವ. ಬಹುತೇಕ ಲಕ್ವಗಳ ಹಿಂದೆ ಇರುವುದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಹೃದಯದ ತೊಂದರೆ. ಆದರೆ ಕೆಲವು ಮನೆಗಳಲ್ಲಿ ಅಜ್ಜನಿಗೆ ಐವತ್ತರಲ್ಲಿ ಲಕ್ವ ಹೊಡೆದಿರುತ್ತದೆ, ಅಪ್ಪನಿಗೆ ನಲವತ್ತೆಂಟರಲ್ಲಿ, ಅತ್ತೆಗೆ ಐವತ್ತೆರಡರಲ್ಲಿ. ರಕ್ತದೊತ್ತಡ ನೋಡಿದರೆ ಸರಿಯಾಗಿಯೇ ಇರುತ್ತದೆ. 'ಅವರ ಮನೆತನದಾಗ ಲಕ್ವ ಐತಿ' ಎಂದು ಊರು ಮಾತಾಡುತ್ತದೆ. ಕೆಲವರು ದೋಷ ಎನ್ನುತ್ತಾರೆ, ಕೆಲವರು ಶಾಪ ಎನ್ನುತ್ತಾರೆ, ಇನ್ನು ಕೆಲವರು ಮನೆಗೆ ಬಂದ ಸೊಸೆಯ ಕಾಲ್ಗುಣದ ಮೇಲೆ ಹೊರೆ ಹಾಕುತ್ತಾರೆ. ಊರಿನವರ ಈ ಮಾತಿನಲ್ಲಿ ಕಾರಣ ತಪ್ಪಿರಬಹುದು, ಗಮನಿಸಿದ್ದು ಮಾತ್ರ ತಪ್ಪಲ್ಲ. ಮನೆತನದಲ್ಲಿ ಇಳಿದು ಬರುವ ಲಕ್ವ ನಿಜಕ್ಕೂ ಇದೆ. ವೈದ್ಯವಿಜ್ಞಾನ ಅದನ್ನು ಗುರುತಿಸಿ ಹೆಸರಿಡಲು ಬಹಳ ವರ್ಷ ಹಿಡಿಯಿತು. ಆ ಕೆಲಸ ನಡೆದದ್ದು ಬಹುಪಾಲು ಯೂರೋಪಿನಲ್ಲಿ. ಆದರೆ ಅದರ ಒಂದು ಎಳೆ ಈಗ ನಮ್ಮ ಮನೆಬಾಗಿಲಿಗೂ ಬಂದು ಮುಟ್ಟಿದೆ.

ತಪ್ಪು ಹೆಸರುಗಳ ಕಾಲ

ಮಿದುಳಿನ ಬಿಳಿ ದ್ರವ್ಯ ಕ್ರಮೇಣ ಸವೆದು ಬುದ್ಧಿ ಮಂಕಾಗುವ ಕಾಯಿಲೆಯನ್ನು 1894ರಲ್ಲಿ ಒಟ್ಟೊ ಬಿನ್ಸ್‌ವಾಂಗರ್ ವರ್ಣಿಸಿದ್ದರು. ಅಂದಿನಿಂದ ಅದಕ್ಕೆ ಅವರದೇ ಹೆಸರು. ಅದು ಮುಪ್ಪಿನ, ರಕ್ತದೊತ್ತಡದ ಕಾಯಿಲೆ ಎಂಬುದು ಸಾಮಾನ್ಯ ತಿಳಿವಳಿಕೆಯಾಗಿತ್ತು. 1955ರಲ್ಲಿ ಬೆಲ್ಜಿಯಂನ ನರರೋಗತಜ್ಞ ಲೂಡೊ ವಾನ್ ಬೋಗಾರ್ಟ್ ಇಂಥದೇ ಕಾಯಿಲೆಯನ್ನು ಇಬ್ಬರು ಸೋದರಿಯರಲ್ಲಿ ಕಂಡು ಬರೆದರು. ಒಂದೇ ತಾಯಿಯ ಮಕ್ಕಳಿಬ್ಬರಿಗೂ ಅದು ಬಂದಿತ್ತೆಂದರೆ ರಕ್ತದಲ್ಲೇ ಏನೋ ಇರಬೇಕಲ್ಲವೆ? ಆದರೆ ಇಬ್ಬರು ರೋಗಿಗಳಿಂದ ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ.

1977ರಲ್ಲಿ ಸ್ವೀಡನ್ನಿನ ಪ್ಯಾಟ್ರಿಕ್ ಸೌರಾಂಡರ್ ಮತ್ತು ಯಾನ್ ವೋಲಿಂಡರ್ ಒಂದು ಇಡೀ ಕುಟುಂಬದ ಕಥೆಯನ್ನು ಮುಂದಿಟ್ಟರು. ಮತ್ತೆ ಮತ್ತೆ ಸಣ್ಣ ಲಕ್ವಗಳು, ನಂತರ ಮರೆವು, ನಡುವಯಸ್ಸು ದಾಟುತ್ತಲೇ ಸಾವು. ಇದು ಪೀಳಿಗೆಯಿಂದ ಪೀಳಿಗೆಗೆ ಇಳಿದಿತ್ತು. ಅವರು ಅದನ್ನು ಆನುವಂಶಿಕ ಬಹುಲಕ್ವ ಬುದ್ಧಿಭ್ರಮಣೆ ಎಂಬ ಅರ್ಥದ ಹೆಸರಿನಿಂದ ಕರೆದರು. ಈ ಸ್ವೀಡಿಷ್ ಕುಟುಂಬದ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಅದೇ ಸುಮಾರಿಗೆ, 1976ರಲ್ಲಿ, ಪ್ಯಾರಿಸಿನ ನರರೋಗತಜ್ಞೆ ಮಾರಿ-ಜೆರ್ಮೇನ್ ಬೂಸೆರ್ ಅವರ ಮುಂದೆ ಒಬ್ಬ ರೋಗಿ ಬಂದರು. ಲಕ್ವ ಹೊಡೆದಿತ್ತು, ಬಿಳಿ ದ್ರವ್ಯ ಹಾಳಾಗಿತ್ತು. ಆದರೆ ಬಿನ್ಸ್‌ವಾಂಗರ್ ಕಾಯಿಲೆಗೆ ಇರಬೇಕಾದ ರಕ್ತದೊತ್ತಡ ಇರಲಿಲ್ಲ. ಅರ್ಥವಾಗದ ಪ್ರಕರಣಗಳು ಪ್ರತಿ ಆಸ್ಪತ್ರೆಯಲ್ಲೂ ಇರುತ್ತವೆ. ಸಾಮಾನ್ಯವಾಗಿ ಅವು ಕಡತದಲ್ಲೇ ಉಳಿದುಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ. ವರ್ಷಗಳು ಕಳೆದು ಆ ರೋಗಿಯ ಮಕ್ಕಳಲ್ಲೂ ಲಕ್ಷಣಗಳು ಕಾಣಿಸಿಕೊಂಡಾಗ ಬೂಸೆರ್ ಹಳೆಯ ರೋಗಿಯನ್ನು ಮರೆತಿರಲಿಲ್ಲ. ಅಷ್ಟರಲ್ಲಿ ಎಂ.ಆರ್.ಐ. ಯಂತ್ರವೂ ಬಂದಿತ್ತು. ಮಕ್ಕಳ ಮಿದುಳಿನ ಚಿತ್ರದಲ್ಲಿ ತಂದೆಯ ಕಾಯಿಲೆಯ ಗುರುತುಗಳೇ ಇದ್ದವು.

ಬೂಸೆರ್ ಮತ್ತು ಅವರೊಡನೆ ಸೇರಿದ ಎಲಿಜಬೆತ್ ತೂರ್ನಿಯೆ-ಲಾಸೆರ್ವ್ ಆ ಮನೆತನದ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೊರಟರು. ಕಾಯಿಲೆ ಇದ್ದವರು, ಇಲ್ಲದವರು, ಇದೆಯೋ ಇಲ್ಲವೋ ತಿಳಿಯದವರು ಎಲ್ಲರನ್ನೂ ಕಂಡು ರಕ್ತದ ಮಾದರಿ ಪಡೆದರು, ಎಂ.ಆರ್.ಐ. ಮಾಡಿಸಿದರು. ಇಂಥ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಅದುವರೆಗೆ ಬೇರೆ ಕಾಯಿಲೆಯ ಹೆಸರು ಹಚ್ಚಲಾಗಿತ್ತು. ಬಿಳಿ ದ್ರವ್ಯವನ್ನೇ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಆ ಕುಟುಂಬದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಮೊದಲ ರೋಗಿಯನ್ನು ಕಂಡು ಆಗ ಹದಿನೈದು ವರ್ಷವಾಗಿತ್ತು.

ಹತ್ತೊಂಬತ್ತನೆಯ ವರ್ಣತಂತುವಿನ ಮೇಲೆ

ದೊಡ್ಡ ಕುಟುಂಬವೇ ಏಕೆ ಬೇಕು? ಪ್ರತಿ ಮಗುವಿಗೂ ವಂಶವಾಹಿಗಳ ಅರ್ಧ ಪಾಲು ತಾಯಿಯಿಂದ, ಇನ್ನರ್ಧ ತಂದೆಯಿಂದ ಬರುತ್ತದೆ. ವರ್ಣತಂತುಗಳ ಉದ್ದಕ್ಕೂ ಅಲ್ಲಲ್ಲಿ ಗುರುತು ಹಿಡಿಯಬಹುದಾದ ಕಲ್ಲುಗಳನ್ನು ನೆಟ್ಟಂತೆ ಕೆಲವು ಚಿಹ್ನೆಗಳಿರುತ್ತವೆ. ಕಾಯಿಲೆ ಇರುವ ಎಲ್ಲ ಬಂಧುಗಳಲ್ಲೂ ಒಂದೇ ಚಿಹ್ನೆ ಇದ್ದು, ಕಾಯಿಲೆ ಇಲ್ಲದವರಲ್ಲಿ ಅದು ಇಲ್ಲದೆ ಹೋದರೆ, ದೋಷವಿರುವ ವಂಶವಾಹಿ ಆ ಕಲ್ಲಿನ ಹತ್ತಿರದಲ್ಲೇ ಎಲ್ಲೋ ಇದೆ ಎಂದರ್ಥ. ನಾಲ್ಕೈದು ಜನರಲ್ಲಿ ಇಂಥ ಹೊಂದಿಕೆ ಆಕಸ್ಮಿಕವಾಗಿಯೂ ಆಗಬಹುದು. ನಲವತ್ತು ಐವತ್ತು ಜನರಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಕಾಯಿಲೆ ಇಲ್ಲದ ಅಣ್ಣತಮ್ಮಂದಿರ ರಕ್ತವೂ ಕಾಯಿಲೆ ಇರುವವರ ರಕ್ತದಷ್ಟೇ ಬೆಲೆಯುಳ್ಳದ್ದಾಗುವುದು ಹೀಗೆ.

1993ರಲ್ಲಿ, ಪರಸ್ಪರ ಸಂಬಂಧವಿಲ್ಲದ ಎರಡು ಕುಟುಂಬಗಳ ಸಹಾಯದಿಂದ, ದೋಷ 19ನೆಯ ವರ್ಣತಂತುವಿನ ಮೇಲಿದೆ ಎಂದು ಗೊತ್ತಾಯಿತು. ಕಾಯಿಲೆಗೆ ಕ್ಯಾಡಸಿಲ್ ಎಂಬ ಹೆಸರನ್ನು ಇಟ್ಟದ್ದೂ ಆಗಲೇ. ಅದು ಒಂದು ಉದ್ದನೆಯ ವೈದ್ಯಕೀಯ ವರ್ಣನೆಯ ಮೊದಲಕ್ಷರಗಳಿಂದ ಕಟ್ಟಿದ ಪದ. 1995ರಲ್ಲಿ ಯೂಗ್ ಶಾಬ್ರಿಯಾ ಮತ್ತು ಸಂಗಡಿಗರು ಏಳು ಕುಟುಂಬಗಳ 148 ಮಂದಿಯನ್ನು ಪರೀಕ್ಷಿಸಿ ಕಾಯಿಲೆಯ ಪೂರ್ಣ ಚಿತ್ರ ಕೊಟ್ಟರು. ಅವರಲ್ಲಿ 45 ಮಂದಿಗೆ ಲಕ್ಷಣಗಳಿದ್ದವು. ಈ 45 ಮಂದಿಯಲ್ಲಿ ಶೇಕಡ 84ರಷ್ಟು ಜನಕ್ಕೆ ಸಣ್ಣ ಲಕ್ವಗಳು, ಶೇಕಡ 31ರಷ್ಟು ಜನಕ್ಕೆ ಬುದ್ಧಿ ಮಂಕಾಗುವಿಕೆ, ಶೇಕಡ 22ರಷ್ಟು ಜನಕ್ಕೆ ಕಣ್ಣೆದುರು ಮಿಂಚು ಹರಿದಂತಾಗಿ ಬರುವ ಅರೆತಲೆನೋವು, ಶೇಕಡ 20ರಷ್ಟು ಜನಕ್ಕೆ ತೀವ್ರ ಖಿನ್ನತೆ ಇತ್ತು. ಲಕ್ಷಣಗಳು ಆರಂಭವಾಗುವ ಸರಾಸರಿ ವಯಸ್ಸು 45. ಯಾವ ಲಕ್ಷಣವೂ ಇಲ್ಲದ 18 ಮಂದಿಯ ಎಂ.ಆರ್.ಐ. ಚಿತ್ರದಲ್ಲೂ ಕಾಯಿಲೆಯ ಗುರುತು ಆಗಲೇ ಮೂಡಿತ್ತು.

ಈ ಅಂಕಿಗಳ ಹಿಂದಿರುವ ಬಾಳಿನ ಕ್ರಮವನ್ನು ಹೀಗೆ ಹೇಳಬಹುದು. ಮೂವತ್ತರ ಸುಮಾರಿಗೆ ಅರೆತಲೆನೋವು. ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ನಲವತ್ತರಿಂದ ಐವತ್ತರೊಳಗೆ ಮೊದಲ ಲಕ್ವ. ಕೆಲವು ದಿನಗಳಲ್ಲಿ ಬಹುಪಾಲು ಚೇತರಿಕೆ. ಮತ್ತೆ ಇನ್ನೊಂದು. ಪ್ರತಿ ಸಲ ಸ್ವಲ್ಪ ಸ್ವಲ್ಪ ಉಳಿದುಹೋಗುವ ಸೋಲು. ನಡುವೆ ಮನಸ್ಸು ಕುಗ್ಗುವುದು, ಲೆಕ್ಕಪತ್ರ ಮಾಡುತ್ತಿದ್ದವರಿಗೆ ಲೆಕ್ಕ ತಪ್ಪುವುದು. 411 ರೋಗಿಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸಾವಿನ ಮಧ್ಯಮ ವಯಸ್ಸು ಗಂಡಸರಲ್ಲಿ 64.6, ಹೆಂಗಸರಲ್ಲಿ 70.7.

1996ರಲ್ಲಿ ಆನ್ ಜುಟೆಲ್, ತೂರ್ನಿಯೆ-ಲಾಸೆರ್ವ್ ಮತ್ತು ಜೊತೆಗಾರರು ವಂಶವಾಹಿಯನ್ನೇ ಹಿಡಿದರು. ಅದರ ಹೆಸರು ನಾಚ್-3. ಈ ಹೆಸರಿನ ಮೂಲ ಮಿದುಳಿಗೂ ಲಕ್ವಕ್ಕೂ ಸಂಬಂಧಿಸಿದ್ದಲ್ಲ. 1914ರಲ್ಲಿ ಅಮೆರಿಕದ ಜಾನ್ ಡೆಕ್ಸ್‌ಟರ್ ರೆಕ್ಕೆಯ ಅಂಚಿನಲ್ಲಿ ಕಚ್ಚು ಬಿದ್ದಂತಿದ್ದ ಹಣ್ಣುನೊಣಗಳನ್ನು ಕಂಡಿದ್ದರು. ಥಾಮಸ್ ಹಂಟ್ ಮಾರ್ಗನ್ ಅವರು 1917ರಲ್ಲಿ ಆ ಗುಣದ ಆನುವಂಶಿಕತೆಯನ್ನು ವಿವರಿಸಿದರು. ಕಚ್ಚು ಎಂಬ ಅರ್ಥದ ಇಂಗ್ಲಿಷ್ ಪದವೇ ವಂಶವಾಹಿಯ ಹೆಸರಾಯಿತು. ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ನೊಣದ ರೆಕ್ಕೆಯ ಮೇಲಿನ ಒಂದು ಕಚ್ಚು, ಎಂಬತ್ತೆರಡು ವರ್ಷದ ಮೇಲೆ, ಮನುಷ್ಯರ ಲಕ್ವಕ್ಕೆ ಕಾರಣ ತೋರಿಸಿತು. ನೊಣದ ರೆಕ್ಕೆ ಎಣಿಸಿ ಏನು ಉಪಯೋಗ ಎಂದು ಕೇಳುವವರಿಗೆ ಈ ಒಂದು ಉದಾಹರಣೆ ಸಾಕು.

ಜೋಡಿ ತಪ್ಪಿದ ಎತ್ತು

ನಾಚ್-3 ವಂಶವಾಹಿಯ ಆದೇಶದಂತೆ ತಯಾರಾಗುವ ಪ್ರೋಟೀನು ಸಣ್ಣ ರಕ್ತನಾಳಗಳ ಗೋಡೆಯ ಸ್ನಾಯುಕೋಶಗಳ ಮೇಲೆ ಕುಳಿತಿರುತ್ತದೆ. ನೆರೆಯ ಕೋಶಗಳು ಕಳಿಸುವ ಸಂಕೇತವನ್ನು ಹಿಡಿಯುವುದು ಅದರ ಕೆಲಸ. ಕೋಶದ ಹೊರಗೆ ಚಾಚಿಕೊಂಡಿರುವ ಅದರ ಭಾಗದಲ್ಲಿ ಒಂದೇ ಬಗೆಯ 34 ಮಡಿಕೆಗಳಿವೆ. ಪ್ರತಿ ಮಡಿಕೆಯಲ್ಲೂ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲ ಆರು ಇರುತ್ತವೆ. ಮೂರು ನೊಗಕ್ಕೆ ಕಟ್ಟಿದ ಆರು ಎತ್ತುಗಳಂತೆ ಇವು ಎರಡೆರಡು ಜೋಡಿಯಾಗಿ ಮಡಿಕೆಯ ಆಕಾರವನ್ನು ಹಿಡಿದಿಡುತ್ತವೆ. ಕ್ಯಾಡಸಿಲ್ ಇರುವವರಲ್ಲಿ ವಂಶವಾಹಿಯ ಒಂದು ಅಕ್ಷರದ ವ್ಯತ್ಯಾಸದಿಂದ ಯಾವುದೋ ಒಂದು ಮಡಿಕೆಯಲ್ಲಿ ಆರರ ಬದಲು ಐದು ಅಥವಾ ಏಳು ಸಿಸ್ಟೀನ್ ಬರುತ್ತವೆ. ಒಂದು ಎತ್ತು ಜೋಡಿಯಿಲ್ಲದೆ ಉಳಿಯುತ್ತದೆ. ಆಕಾರ ಕೆಟ್ಟ ಪ್ರೋಟೀನು ದೇಹದಿಂದ ತೊಲಗದೆ ನಾಳದ ಗೋಡೆಯಲ್ಲಿ ಹೂಳಿನಂತೆ ಕೂಡುತ್ತದೆ. ಗೋಡೆ ದಪ್ಪಗಾಗುತ್ತದೆ, ಸ್ನಾಯುಕೋಶಗಳು ಸಾಯುತ್ತವೆ, ಬೇಕಾದಾಗ ಹಿಗ್ಗಿ ರಕ್ತ ಬಿಡುವ ಶಕ್ತಿ ನಾಳಕ್ಕೆ ಉಳಿಯುವುದಿಲ್ಲ.

ಈ ಹೂಳು ಮಿದುಳಿನಲ್ಲಿ ಮಾತ್ರವಲ್ಲ, ಚರ್ಮದ ಸಣ್ಣ ನಾಳಗಳಲ್ಲೂ ಕೂಡುತ್ತದೆ. ತೋಳಿನಿಂದ ತೆಗೆದ ಚರ್ಮದ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಕಾಳುಗಳಂತೆ ಕಾಣುತ್ತದೆ. ವಂಶವಾಹಿ ಪರೀಕ್ಷೆ ಸುಲಭವಾಗುವ ಮುನ್ನ ಬದುಕಿರುವವರಲ್ಲಿ ಕಾಯಿಲೆಯನ್ನು ಖಚಿತಪಡಿಸಿಕೊಳ್ಳಲು ಇದು ಬಹಳ ನೆರವಾಯಿತು.

ಕ್ಯಾಡಸಿಲ್ ಪ್ರಬಲ ಗುಣವಾಗಿ ಇಳಿಯುವ ಕಾಯಿಲೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಗಂಡುಮಗು, ಹೆಣ್ಣುಮಗು ಎಂಬ ಭೇದವಿಲ್ಲ. ಒಂದು ಮಗುವಿಗೆ ಬಂದಿದೆ ಎಂದ ಮಾತ್ರಕ್ಕೆ ಇನ್ನೊಂದು ಪಾರಾಯಿತು ಎಂದಲ್ಲ. ಪ್ರತಿ ಹುಟ್ಟೂ ಹೊಸದಾಗಿ ನಾಣ್ಯ ಚಿಮ್ಮಿದಂತೆ.

ನಲವತ್ತು ವರ್ಷ ಕಾದ ಉತ್ತರ

ಈಗ ಸ್ವೀಡನ್ನಿನ ಕುಟುಂಬಕ್ಕೆ ಮರಳಬಹುದು. ಕ್ಯಾಡಸಿಲ್ ಎಂಬ ಹೆಸರು ಬಂದ ಮೇಲೆ, 1977ರಲ್ಲಿ ವರ್ಣಿಸಿದ್ದು ಇದೇ ಕಾಯಿಲೆ ಎಂದು ಎಲ್ಲರೂ ನಂಬಿದರು. ಪುಸ್ತಕಗಳಲ್ಲೂ ಹಾಗೆಯೇ ಅಚ್ಚಾಯಿತು. ಆದರೆ ಕೆಲವು ಸಂಶೋಧಕರು ಆ ಕುಟುಂಬವನ್ನು ಬಿಟ್ಟುಕೊಡಲಿಲ್ಲ. ಕಾಪಿಟ್ಟಿದ್ದ ಅಂಗಾಂಶವನ್ನೂ ಬದುಕಿದ್ದ ಬಂಧುಗಳ ರಕ್ತವನ್ನೂ ಪರೀಕ್ಷಿಸಿದರು. 2007ರಲ್ಲಿ ಬಂದ ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ಆ ಕುಟುಂಬದಲ್ಲಿ ನಾಚ್-3 ದೋಷ ಇರಲೇ ಇಲ್ಲ, ನಾಳಗಳಲ್ಲಿ ಆ ಕಪ್ಪು ಕಾಳುಗಳೂ ಇರಲಿಲ್ಲ. ಮೊದಲ ಕುಟುಂಬವೆಂದು ಎಣಿಸಿದ್ದು ಬೇರೆಯೇ ಕಾಯಿಲೆಯ ಕುಟುಂಬವಾಗಿತ್ತು.

ಹಾಗಾದರೆ ಯಾವ ಕಾಯಿಲೆ? ಅದಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು. ರಕ್ತನಾಳದ ಗೋಡೆಗೆ ಒಳಗಿನ ಆಧಾರದ ಪೊರೆಯಾಗಿ ನಿಲ್ಲುವ ಕೊಲಾಜೆನ್ ಎಂಬ ನಾರಿನ ಪ್ರೋಟೀನು ಇದೆ. ಅದರ ಒಂದು ವಂಶವಾಹಿಯ ತುದಿಯಲ್ಲಿ, ತಯಾರಿಯನ್ನು ಹತೋಟಿಯಲ್ಲಿಡುವ ಜಾಗದಲ್ಲಿ, ಒಂದು ಅಕ್ಷರ ಬದಲಾಗಿತ್ತು. ಅದರಿಂದ ಕೊಲಾಜೆನ್ ಬೇಕಾದ್ದಕ್ಕಿಂತ ಹೆಚ್ಚು ತಯಾರಾಗುತ್ತಿತ್ತು. 2017ರಲ್ಲಿ ಇದು ಪ್ರಕಟವಾದಾಗ ಮೊದಲ ಲೇಖನಕ್ಕೆ ನಲವತ್ತು ವರ್ಷ. ಮೊದಲು ಪರೀಕ್ಷೆಗೆ ಒಳಗಾದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಇರಲಿಲ್ಲ. ಆದರೆ ಅವರು ಬಿಟ್ಟುಹೋದ ಅಂಗಾಂಶ, ವೈದ್ಯರು ಬರೆದಿಟ್ಟ ವಂಶವೃಕ್ಷ ಉಳಿದಿದ್ದವು. ಮೊಮ್ಮಕ್ಕಳಿಗೆ ಸರಿಯಾದ ಹೆಸರು ಸಿಕ್ಕಿತು. ಕಾಯಿಲೆಯ ಹೆಸರು ಸರಿಯಾಗದೆ ಯಾವ ಬಂಧುವಿಗೆ ಪರೀಕ್ಷೆ ಬೇಕು, ಯಾವ ಪರೀಕ್ಷೆ ಬೇಕು ಎಂಬುದೇ ತಿಳಿಯುವುದಿಲ್ಲ.

ಇಂಥದೇ ತಾಳ್ಮೆಯ ಇನ್ನೊಂದು ಕಥೆ ಜಪಾನಿನದು. ಅಲ್ಲಿ ರಕ್ತದೊತ್ತಡವಿಲ್ಲದೆ ಎಳೆಯ ವಯಸ್ಸಿನಲ್ಲೇ ಲಕ್ವ, ಜೊತೆಗೆ ತಲೆಗೂದಲು ಉದುರುವುದು, ಸೊಂಟನೋವು ಬರುವ ಕಾಯಿಲೆಯನ್ನು 1970ರ ದಶಕದಲ್ಲೇ ಗುರುತಿಸಿದ್ದರು. ಅನೇಕ ಮನೆಗಳಲ್ಲಿ ತಂದೆತಾಯಿಯರು ರಕ್ತಸಂಬಂಧಿಗಳು. ಇದು ಅಪ್ರಬಲ ಗುಣವಾಗಿ ಇಳಿಯುವ ಕಾಯಿಲೆ. ದೋಷವಿರುವ ಪ್ರತಿ ಇಬ್ಬರಿಂದಲೂ ಬಂದಾಗಲೇ ಪೂರ್ಣರೂಪದಲ್ಲಿ ಕಾಣಿಸುತ್ತದೆ. 2009ರಲ್ಲಿ ಅದರ ವಂಶವಾಹಿ ಸಿಕ್ಕಿತು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಫ್ರಾನ್ಸಿಸ್ಕೊ ಲೊಪೆರಾ ಮತ್ತು ಸಂಗಡಿಗರು ಕ್ಯಾಡಸಿಲ್ ಇರುವ ಮನೆತನಗಳನ್ನು ದಶಕಗಳ ಕಾಲ ಹಿಂಬಾಲಿಸಿದರು. ಅವುಗಳಲ್ಲೊಂದರಲ್ಲಿ ಲಕ್ವ ಬಹಳ ಎಳೆಯ ವಯಸ್ಸಿಗೇ ಬರುತ್ತಿತ್ತು. ಅದು 2002ರಲ್ಲಿ ಪ್ರಕಟವಾಯಿತು. ಲೊಪೆರಾ 2024ರಲ್ಲಿ ನಿಧನರಾದರು. ಫ್ರಾನ್ಸಿನ ಬೂಸೆರ್, ಶಾಬ್ರಿಯಾ, ಜುಟೆಲ್ ಮತ್ತು ತೂರ್ನಿಯೆ-ಲಾಸೆರ್ವ್ ಅವರಿಗೆ 2019ರಲ್ಲಿ, ಹತ್ತು ಲಕ್ಷ ಯೂರೋ ಮೊತ್ತದ ಬ್ರೇನ್ ಪ್ರಶಸ್ತಿ ಸಂದಿತು. ಮೊದಲ ರೋಗಿ ಬಂದು ಆಗ ನಲವತ್ತಮೂರು ವರ್ಷವಾಗಿತ್ತು.

ನಮ್ಮ ಮನೆಬಾಗಿಲಲ್ಲಿ

ಕ್ಯಾಡಸಿಲ್ ಯೂರೋಪಿನವರ ಅಪರೂಪದ ಕಾಯಿಲೆ ಎಂಬ ಭಾವನೆ ಬಹಳ ಕಾಲ ಇತ್ತು. ಭಾರತದ ಹಲವು ಆಸ್ಪತ್ರೆಗಳಿಂದ ವರದಿಗಳು ಬರತೊಡಗಿದ ಮೇಲೂ ಅದು ಪೂರ್ತಿ ಹೋಗಲಿಲ್ಲ. 2016ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಬೇರೆ ದಾರಿ ಹಿಡಿದರು. ಬೇರೆ ಬೇರೆ ಉದ್ದೇಶಗಳಿಗಾಗಿ ಜಗತ್ತಿನಾದ್ಯಂತ ಸಂಗ್ರಹಿಸಿದ್ದ 60,706 ಮಂದಿಯ ವಂಶವಾಹಿ ಮಾಹಿತಿಯಲ್ಲಿ ನಾಚ್-3ರ ಜೋಡಿ ತಪ್ಪಿಸುವ ವ್ಯತ್ಯಾಸಗಳು ಎಷ್ಟಿವೆ ಎಂದು ಹುಡುಕಿದರು. ಸಾವಿರಕ್ಕೆ ಮೂರಕ್ಕೂ ಹೆಚ್ಚು ಮಂದಿಯಲ್ಲಿ ಅವು ಸಿಕ್ಕವು. ದಕ್ಷಿಣ ಏಷ್ಯಾ ಮೂಲದವರಲ್ಲಿ ಪ್ರಮಾಣ ಇನ್ನೂ ಹೆಚ್ಚು, ಸುಮಾರು ಶೇಕಡ 1. ಎಂದರೆ ಭಾರತ ಮತ್ತು ನೆರೆಯ ದೇಶಗಳ ಮೂಲದವರಲ್ಲಿ ನೂರಕ್ಕೆ ಒಬ್ಬರು.

ಹಾಗೆಂದು ನೂರಕ್ಕೆ ಒಬ್ಬರಿಗೆ ನಲವತ್ತೈದರಲ್ಲಿ ಲಕ್ವ ಕಾದಿದೆ ಎಂದು ಹೆದರಬೇಕಾಗಿಲ್ಲ. ದೋಷ ಯಾವ ಮಡಿಕೆಯಲ್ಲಿದೆ ಎಂಬುದು ಮುಖ್ಯ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಆರು ಮಡಿಕೆಗಳಲ್ಲಿ ದೋಷ ಇರುವವರಿಗೆ ಉಳಿದವರಿಗಿಂತ ಸುಮಾರು ಹನ್ನೆರಡು ವರ್ಷ ಮೊದಲೇ ಲಕ್ವ ಬರುತ್ತಿತ್ತು. ಸಾಮಾನ್ಯ ಜನರಲ್ಲಿ ಹೆಚ್ಚಾಗಿ ಸಿಗುವುದು ಏಳನೆಯ ಮಡಿಕೆಯಿಂದ ಮುಂದಿನ ದೋಷಗಳೇ. ಅಂಥವರಲ್ಲಿ ಅನೇಕರು ಮುಪ್ಪಿನವರೆಗೂ ಏನೂ ಕಾಣದೆ ಬಾಳುತ್ತಾರೆ. ಕುಟುಂಬಗಳಿಂದ ಆರಂಭವಾದ ಸಂಶೋಧನೆ ತೋರಿಸಿದ್ದು ತೀವ್ರರೂಪವನ್ನು. ಜನಸಾಮಾನ್ಯರ ಮಾಹಿತಿ ತೋರಿಸಿದ್ದು ಅದರ ಸೌಮ್ಯರೂಪವನ್ನು. ಒಂದು ಇಲ್ಲದೆ ಇನ್ನೊಂದು ಅರ್ಧಸತ್ಯವಾಗುತ್ತಿತ್ತು.

ಕರ್ನಾಟಕದಲ್ಲಿ ಇಂಥ ಪ್ರಶ್ನೆಗಳಿಗೆ ನೆಲೆಯಾಗಬಲ್ಲ ಕೆಲಸ ಇಲ್ಲದೆ ಇಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್ ಸಂಸ್ಥೆಯ ಎಂ. ಗೌರಿದೇವಿ ಮತ್ತು ಸಂಗಡಿಗರು 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ 1,02,557 ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿದರು. ಲಕ್ಷಕ್ಕೆ 3,126 ಮಂದಿಗೆ ಒಂದಲ್ಲ ಒಂದು ನರರೋಗ ಇತ್ತು. ನಗರದಲ್ಲಿ ಲಕ್ಷಕ್ಕೆ 2,190 ಇದ್ದರೆ ಹಳ್ಳಿಗಳಲ್ಲಿ 4,070, ಹತ್ತಿರ ಹತ್ತಿರ ಎರಡರಷ್ಟು. ಸಾವಿನ ನಂತರ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಭಂಡಾರವೂ 1995ರಲ್ಲಿ ಎಸ್.ಕೆ. ಶಂಕರ್ ಅವರ ಮುಂದಾಳ್ತನದಲ್ಲಿ ನಿಮ್ಹಾನ್ಸಿನಲ್ಲಿ ಆರಂಭವಾಯಿತು. ಸ್ವೀಡನ್ನಿನ ಕಥೆ ಓದಿದವರಿಗೆ ಇಂಥ ಭಂಡಾರದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಒಮ್ಮೆ ನಡೆಸುವ ಸಮೀಕ್ಷೆ ಎಷ್ಟು ಜನಕ್ಕೆ ಕಾಯಿಲೆ ಎಂದು ಹೇಳುತ್ತದೆ. ಯಾರಿಗೆ, ಯಾವಾಗ, ಏಕೆ ಬರುತ್ತದೆ ಎಂದು ತಿಳಿಯಲು ಅದೇ ಜನರ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆರಂಭಿಸಿದ ಅಧ್ಯಯನದ ಗುರಿ ಇದೇ. 45 ವರ್ಷ ದಾಟಿದ 10,000 ಗ್ರಾಮೀಣರನ್ನು ಸೇರಿಸಿಕೊಂಡು, ನೆನಪಿನ ಶಕ್ತಿ, ರಕ್ತ, ಮಿದುಳಿನ ಚಿತ್ರ, ವಂಶವಾಹಿಗಳನ್ನು ನೋಡುತ್ತ ವರ್ಷಾನುಗಟ್ಟಲೆ ಅವರನ್ನು ಹಿಂಬಾಲಿಸುವ ಉದ್ದೇಶ ಅದರದು.

ಆನುವಂಶಿಕ ಕಾಯಿಲೆ ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ನಡೆಯುವ ಮದುವೆಗಳು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿದಾಗ ಮೂರರಲ್ಲಿ ಸುಮಾರು ಒಂದು ಮದುವೆ ರಕ್ತಸಂಬಂಧದೊಳಗಿನದು ಎಂದು ಕಂಡಿತ್ತು. ಜಪಾನಿನ ಕಾಯಿಲೆಯಂಥ ಅಪ್ರಬಲ ಕಾಯಿಲೆಗಳಿಗೆ ಇಂಥ ಮದುವೆ ದಾರಿ ಮಾಡಿಕೊಡುವುದು ನಿಜ. ಆದರೆ ಕ್ಯಾಡಸಿಲ್ ವಿಷಯದಲ್ಲಿ ಆ ಮಾತು ಸಲ್ಲದು. ದೂರದ ಊರಿನಿಂದ, ಬೇರೆ ಮನೆತನದಿಂದ ಹೆಣ್ಣು ತಂದರೂ ಅದು ಇಳಿಯಬಲ್ಲದು. ತಂದ ಸೊಸೆಯದಂತೂ ತಪ್ಪೇ ಅಲ್ಲ. ಈ ಒಂದು ಸಂಗತಿ ತಿಳಿದರೂ ಎಷ್ಟೋ ಮನೆಗಳಲ್ಲಿ ಎಷ್ಟೋ ಕಹಿ ಮಾತುಗಳು ನಿಲ್ಲಬಹುದು.

ತಿಳಿಯಬೇಕೆ, ಬೇಡವೆ?

ಕ್ಯಾಡಸಿಲ್ ಕಾಯಿಲೆಯನ್ನು ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. 168 ರೋಗಿಗಳಲ್ಲಿ ಡೊನೆಪೆಜಿಲ್ ಎಂಬ ಔಷಧವನ್ನು ಪರೀಕ್ಷಿಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅದರ ಮುಖ್ಯ ಗುರಿ ಈಡೇರಲಿಲ್ಲ. ಹೀಗಿರುವಾಗ ಲಕ್ಷಣವೇ ಇಲ್ಲದ ಮಗನೋ ಮಗಳೋ ವಂಶವಾಹಿ ಪರೀಕ್ಷೆ ಮಾಡಿಸಿಕೊಂಡು ಏನು ಮಾಡಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಅನಿಶ್ಚಯವೇ ದೊಡ್ಡ ಹಿಂಸೆ ಎನ್ನುವವರು ಮಾಡಿಸಿಕೊಳ್ಳುತ್ತಾರೆ. ಮುಂದೆ ಬರಬಹುದಾದದ್ದನ್ನು ಇಂದೇ ಹೊತ್ತು ಬಾಳಲಾರೆ ಎನ್ನುವವರು ಬೇಡವೆನ್ನುತ್ತಾರೆ. ಎರಡೂ ಸರಿಯೇ. ಪರೀಕ್ಷೆಗೆ ಮುಂಚೆ ತಜ್ಞರ ಸಮಾಲೋಚನೆ ಇರಬೇಕು, ಒತ್ತಾಯ ಇರಕೂಡದು, ಲಕ್ಷಣವಿಲ್ಲದ ಚಿಕ್ಕ ಮಕ್ಕಳನ್ನು ಪರೀಕ್ಷಿಸಕೂಡದು ಎಂಬುದು ವೈದ್ಯಲೋಕ ಒಪ್ಪಿಕೊಂಡ ನಡೆ. ನಮ್ಮ ಹಳ್ಳಿಗಳಲ್ಲಿ ಗುಟ್ಟು ಕಾಯುವ ಮಾತು ಇನ್ನಷ್ಟು ಮುಖ್ಯ. ಒಬ್ಬನ ಪರೀಕ್ಷೆಯ ಫಲ ಊರಿಗೆ ತಿಳಿದರೆ ಅವನ ತಂಗಿಗೆ ಬಂದ ಸಂಬಂಧ ಹಿಂದಕ್ಕೆ ಹೋಗಬಹುದು.

ಹಾಗಾದರೆ ಕಾಯಿಲೆಯ ಹೆಸರು ತಿಳಿದು ಪ್ರಯೋಜನವೇ ಇಲ್ಲವೆ? ಇದೆ. ಬೀಡಿ ಸಿಗರೇಟು ಸೇದುವ ಕ್ಯಾಡಸಿಲ್ ರೋಗಿಗಳಿಗೆ ಲಕ್ವ ಬೇಗ ಬರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ರಕ್ತದೊತ್ತಡ ಸೇರಿಕೊಂಡರೂ ಕೇಡು ಹೆಚ್ಚು. ಇವೆರಡೂ ನಮ್ಮ ಕೈಯಲ್ಲಿರುವ ಸಂಗತಿಗಳು. ಕಾಲುವೆಯ ದಡ ಹುಟ್ಟಿನಿಂದಲೇ ದುರ್ಬಲವಾಗಿದ್ದರೆ, ಅದರ ಮೇಲೆ ಗಾಡಿ ಹೊಡೆಯದಿರುವುದಾದರೂ ಸಾಧ್ಯ. ಇಲ್ಲದ ಕಾಯಿಲೆಗೆ ಔಷಧ ನುಂಗುವುದು ತಪ್ಪುತ್ತದೆ. ಖಿನ್ನತೆಯನ್ನು ಸೋಮಾರಿತನವೆಂದೂ ಮರೆವನ್ನು ಉಡಾಫೆಯೆಂದೂ ಮನೆಯವರು ಬಯ್ಯುವುದು ನಿಲ್ಲುತ್ತದೆ.

ಇದಕ್ಕೆಲ್ಲ ಮೊದಲ ಹೆಜ್ಜೆ ದುಬಾರಿ ಯಂತ್ರವಲ್ಲ, ಒಂದು ಪ್ರಶ್ನೆ. ಲಕ್ವ ಹೊಡೆದವರು ಯಾರೇ ಆಗಲಿ ತಡಮಾಡದೆ ಆಸ್ಪತ್ರೆ ಸೇರಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಚಿಕಿತ್ಸೆ ನಡೆದ ಮೇಲೆ, ರೋಗಿ ಐವತ್ತರ ಆಸುಪಾಸಿನವರಾಗಿದ್ದು ರಕ್ತದೊತ್ತಡ, ಸಕ್ಕರೆ ಇಲ್ಲದಿದ್ದರೆ, ನಿಮ್ಮ ಮನೆಯಲ್ಲಿ ಇನ್ನು ಯಾರಿಗೆ ಹೀಗಾಗಿತ್ತು, ಯಾವ ವಯಸ್ಸಿನಲ್ಲಿ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಉತ್ತರ ಹೇಳಬಲ್ಲವರು ಹೆಚ್ಚಾಗಿ ಮನೆಯ ಹಿರಿಯ ಹೆಣ್ಣುಮಕ್ಕಳು. ತವರಿನ ಕಡೆ ಯಾರು, ಗಂಡನ ಕಡೆ ಯಾರು, ಯಾವ ಬರಗಾಲದ ವರ್ಷ ಯಾರು ಹಾಸಿಗೆ ಹಿಡಿದರು ಎಂಬುದೆಲ್ಲ ಅವರ ನೆನಪಿನಲ್ಲಿರುತ್ತದೆ. ಪ್ಯಾರಿಸಿನಲ್ಲಾಗಲಿ ಸ್ವೀಡನ್ನಿನಲ್ಲಾಗಲಿ ಸಂಶೋಧನೆ ಆರಂಭವಾದದ್ದು ಇಂಥ ನೆನಪುಗಳನ್ನು ಯಾರೋ ಕೇಳಿ ಬರೆದುಕೊಂಡದ್ದರಿಂದ. ಆ ನೆನಪಿರುವ ತಲೆಮಾರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಾಗುತ್ತಿದೆ. ಬರೆದುಕೊಳ್ಳುವ ಕೆಲಸಕ್ಕೆ ಹೆಚ್ಚು ಕಾಲ ಉಳಿದಿಲ್ಲ.